ಡ್ಯೂಟಿ ಮಧ್ಯೆ ಪಂಚರ್ ಆದರೆ ನೀವೇನು ಮಾಡುತ್ತೀರಿ? ಹೋದ ಹೊತ್ತಿನ ದುಡ್ಡು ಯಾರು ಕೊಡಬೇಕು?

ಡೆಲಿವರಿ_ಮಂಜು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತೇನೆ. ಗಾಡಿ ಆಕ್ಟಿವಾ, ನನ್ನದೇ. ಮೊನ್ನೆ ರಾತ್ರಿ ಕೋರಮಂಗಲದಿಂದ ಎಚ್‌ಎಸ್‌ಆರ್ ಲೇಔಟಿಗೆ ಆರ್ಡರ್ ಹಿಡಿದು ಹೊರಟಿದ್ದೆ. ಅಗರ ಹತ್ತಿರ ಹಿಂದಿನ ಟಯರ್ ಕೂತುಬಿಟ್ಟಿತು. ಆಪ್‌ನಲ್ಲಿ ಸಪೋರ್ಟಿಗೆ ಮೆಸೇಜ್ ಹಾಕಿದೆ. ಗಾಡಿ ಸರಿ ಮಾಡಿಸಿಕೊಂಡು ಮುಂದುವರಿಸಿ ಅಂತ ರೆಡಿಮೇಡ್ ಉತ್ತರ ಬಂತು. ಕಸ್ಟಮರಿಗೆ ಫೋನ್ ಮಾಡಿದೆ. ಪಾಪ, ಅವರು ನಿಧಾನಕ್ಕೆ ಬನ್ನಿ ಎಂದರು. ಆದರೆ ಆಪ್ ಕಾಯಲಿಲ್ಲ. ಆರ್ಡರ್ ಬೇರೆಯವರಿಗೆ ಹೋಯಿತು, ಆ ಹೊತ್ತಿನ ಇನ್ಸೆಂಟಿವ್ ಕೂಡ ಹೋಯಿತು.

ಪಂಚರಿಗೆ 150 ರೂಪಾಯಿ ಆಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ರಾತ್ರಿ ಎಂಟರಿಂದ ಹತ್ತೂವರೆ, ಅದೇ ನಮ್ಮ ದುಡಿಮೆಯ ಹೊತ್ತು. ಅದು ಹೋದರೆ ಆ ದಿನ ಪೆಟ್ರೋಲ್ ಖರ್ಚು ಹುಟ್ಟುವುದೇ ಕಷ್ಟ. ನೀವೆಲ್ಲ ಏನು ಮಾಡುತ್ತೀರಿ? ಗಾಡಿಯಲ್ಲಿ ಏನೇನು ಇಟ್ಟುಕೊಳ್ಳುತ್ತೀರಿ? ಈ ನಷ್ಟ ನಮ್ಮ ತಲೆಗೇ ಬರಬೇಕು ಅನ್ನುವುದು ನ್ಯಾಯವಾ?

ರವಿ_ಇಂದಿರಾನಗರ
ಪಂಚರ್ ಕಿಟ್ ಇಟ್ಕೊಳ್ಳಿ ಬ್ರೋ. ಬೇರೆ ದಾರಿ ಇಲ್ಲ.

ಸೌಮ್ಯ_ರೈಡರ್
ಮಂಜು ಅಣ್ಣ, ನಾನೂ ಡೆಲಿವರಿ ಮಾಡುತ್ತೇನೆ. ಆಕ್ಟಿವಾ ಟಯರ್ ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬ್ ಇಲ್ಲದ್ದು ಆಗಿದ್ದರೆ ಅರ್ಧ ಕಷ್ಟ ಕಡಿಮೆ. ಮೊದಲನೆಯದು, ಮೊಳೆ ಕಂಡ ತಕ್ಷಣ ಕೀಳಬೇಡಿ. ಮೊಳೆ ಒಳಗೇ ಇದ್ದರೆ ಗಾಳಿ ನಿಧಾನಕ್ಕೆ ಹೋಗುತ್ತದೆ. ಗಾಳಿ ಹೊಡೆದು ಆ ಒಂದು ಆರ್ಡರ್ ಮುಗಿಸಿ ಬರಬಹುದು.

ಪೂರ್ತಿ ಕೂತಿದ್ದರೆ ಮಾತ್ರ ಅಲ್ಲೇ ಕೆಲಸ. ಕಟಿಂಗ್ ಪ್ಲೇಯರಿನಲ್ಲಿ ಮೊಳೆ ಕೀಳಿ, ಅದು ಯಾವ ಓರೆಯಲ್ಲಿ ಹೋಗಿದೆ ಅಂತ ನೋಡಿಕೊಳ್ಳಿ. ಕಿಟ್‌ನಲ್ಲಿ ಬರುವ ಅರದ ಹಾಗಿರುವ ಸಲಾಕೆಯನ್ನು ಅದೇ ಓರೆಯಲ್ಲಿ ತೂರಿಸಿ ತಿರುಗಿಸುತ್ತಾ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ. ಇದಕ್ಕೆ ಶಕ್ತಿ ಬೇಕು, ಮೈಭಾರ ಬಿಟ್ಟೇ ಒತ್ತಬೇಕು. ಆಮೇಲೆ ರಬ್ಬರ್ ಪಟ್ಟಿಯನ್ನು ಸೂಜಿಗೆ ನಡುಮಧ್ಯ ಪೋಣಿಸಿ ಒಳಗೆ ತಳ್ಳಿ. ಎರಡೂ ತುದಿ ಸ್ವಲ್ಪ ಹೊರಗೆ ಉಳಿದಿರಲಿ. ಸೂಜಿಯನ್ನು ಒಂದೇ ಜಗ್ಗಿಗೆ ಹೊರಗೆ ಎಳೆಯಬೇಕು. ನಿಧಾನಕ್ಕೆ ಎಳೆದರೆ ಪಟ್ಟಿಯೂ ಜೊತೆಗೆ ಬರುತ್ತದೆ. ಉಳಿದ ಬಾಲ ಕತ್ತರಿಸಿ, ಗಾಳಿ ಹೊಡೆದು, ಬಾಟಲಿ ನೀರು ಹಾಕಿ ನೋಡಿ. ಗುಳ್ಳೆ ಬರದಿದ್ದರೆ ಹೊರಡಿ.

ಕಿಟ್ ಒಂದೇ ಸಾಲದು, ಗಾಳಿಗೆ ಪಂಪೂ ಬೇಕು. ನಾನು ಕಾಲಲ್ಲಿ ಒತ್ತುವ ಪಂಪ್ ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಚಂದ್ರು_ಸ್ಪ್ಲೆಂಡರ್
ನನ್ನದು ಕಡ್ಡಿ ಚಕ್ರದ ಹಳೇ ಸ್ಪ್ಲೆಂಡರ್, ಟ್ಯೂಬ್ ಟಯರ್. ಈ ಪಟ್ಟಿ ತುರುಕುವ ಕೆಲಸ ನಮಗೆ ಆಗುವುದಿಲ್ಲ ಅಕ್ಕ. ಚಕ್ರ ಬಿಚ್ಚಿ, ಟಯರ್ ಎಬ್ಬಿಸಿ, ಟ್ಯೂಬ್ ತೆಗೆದು ಪ್ಯಾಚ್ ಹಾಕಬೇಕು. ರೋಡಲ್ಲಿ ಒಬ್ಬನೇ ಆಗುವ ಮಾತಲ್ಲ. ಅದಕ್ಕೇ ಚಕ್ರದೊಳಗೆ ತೂತು ಮುಚ್ಚುವ ಜೆಲ್ ಹಾಕಿಸಿದ್ದೇನೆ. ಸಣ್ಣ ಮೊಳೆಗೆ ತಾನೇ ಮುಚ್ಚಿಕೊಳ್ಳುತ್ತದೆ.

ನೆಲಮಂಗಲ_ಪಂಚರ್‌ಶಾಪ್
ಜೆಲ್ ಹಾಕಿಸಿದವರು ನಮ್ಮ ಹತ್ತಿರ ಬಂದಾಗ ಮೊದಲೇ ಹೇಳಿ ಮಾರಾಯರೇ. ಟಯರ್ ಬಿಚ್ಚಿದರೆ ಮೈ ಕೈಯೆಲ್ಲ ಲೊಳಲೊಳ. ಅದನ್ನು ಪೂರ್ತಿ ಒರೆಸಿ ಒಣಗಿಸದೆ ಪ್ಯಾಚ್ ಕೂರುವುದೇ ಇಲ್ಲ. ಜೆಲ್ ಕೆಟ್ಟದ್ದು ಅನ್ನುವುದಿಲ್ಲ. ಆದರೆ ಅದು ಟಯರಿನ ನಡುಭಾಗದ ಸಣ್ಣ ತೂತಿಗೆ ಮಾತ್ರ. ಟಯರಿನ ಪಕ್ಕದ ಗೋಡೆ ಹರಿದರೆ ಜೆಲ್ಲೂ ಇಲ್ಲ, ಪಟ್ಟಿಯೂ ಇಲ್ಲ. ಆ ಭಾಗ ತಿರುಗುವಾಗ ಬಗ್ಗುತ್ತಲೇ ಇರುತ್ತದೆ, ಏನು ತುರುಕಿದರೂ ನಿಲ್ಲುವುದಿಲ್ಲ. ಟಯರ್ ಬದಲಿಸಲೇಬೇಕು.

ಸೌಮ್ಯ ಮೇಡಂ ಹೇಳಿದ ವಿಧಾನ ಸರಿ ಇದೆ. ಆದರೆ ಅದು ಮನೆ ಮುಟ್ಟಿಸುವ ರಿಪೇರಿ ಅಂದುಕೊಳ್ಳಿ. ಬಿಡುವಾದಾಗ ಒಳಗಿನಿಂದ ಅಣಬೆ ಆಕಾರದ ಮಶ್ರೂಮ್ ಪ್ಯಾಚ್ ಹಾಕಿಸಿಕೊಂಡರೆ ನಿಶ್ಚಿಂತೆ.

ಕಿರಣ್_ಮಾರತ್ತಹಳ್ಳಿ
ಪಂಚರ್ ಅಂಗಡಿಯವರು ಬಂದಿದ್ದೀರಲ್ಲ, ಒಂದು ಮಾತು ಕೇಳುತ್ತೇನೆ. ಒಂದು ಮೊಳೆ ಅಂತ ಗಾಡಿ ಬಿಟ್ಟರೆ ಐದು ತೂತು ಅಂತ ಹೇಗೆ ಲೆಕ್ಕ ಬರುತ್ತದೆ? ಕಾರಿನಲ್ಲಿ ಡ್ಯೂಟಿಗೆ ಹೋಗುವಾಗ ಹೀಗೇ ಸಿಕ್ಕಿಹಾಕಿಕೊಂಡೆ. ಅವಸರದಲ್ಲಿದ್ದವನು ಜಗಳ ಆಡುವುದಿಲ್ಲ ಅಂತ ಅವರಿಗೂ ಗೊತ್ತು. ರಿಂಗ್ ರೋಡಿನಲ್ಲಿ ಮೊಳೆ ಹಾಕುವವರೂ ಇದ್ದಾರೆ. ಕೆಲವು ವರ್ಷಗಳ ಹಿಂದೆ ಬೆಳ್ಳಂದೂರು ಕಡೆ ಆಫೀಸಿಗೆ ಹೋಗುವ ಒಬ್ಬರು ಮ್ಯಾಗ್ನೆಟ್ ಹಿಡಿದು ಕಿಲೋಗಟ್ಟಲೆ ಮೊಳೆ ಆಯ್ದಿದ್ದು ಪೇಪರಿನಲ್ಲೆಲ್ಲ ಬಂದಿತ್ತು.

ನೆಲಮಂಗಲ_ಪಂಚರ್‌ಶಾಪ್
ಕಿರಣ್ ಸಾರ್, ಮೋಸ ಮಾಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೈಯಲ್ಲಿ ಸಣ್ಣ ದಬ್ಬಳ ಇಟ್ಟುಕೊಂಡು, ಟಯರ್ ಉಜ್ಜುವ ನೆಪದಲ್ಲಿ ಚುಚ್ಚುತ್ತಾರೆ. ಅವರಿಂದ ನಮ್ಮ ಹೆಸರೂ ಹಾಳು. ತಪ್ಪಿಸಿಕೊಳ್ಳುವ ಉಪಾಯ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಫೋನ್ ನೋಡುತ್ತಾ ನಿಲ್ಲಬೇಡಿ, ಚಕ್ರದ ಪಕ್ಕ ನಿಲ್ಲಿ. ಮೊದಲು ಗಾಳಿ ತುಂಬಿಸಲು ಹೇಳಿ. ಆಮೇಲೆ ಸೋಪಿನ ನೀರು ಹಾಕಿಸಿ ಇಡೀ ಚಕ್ರ ಒಂದು ಸುತ್ತು ತಿರುಗಿಸಿ ತೋರಿಸಲು ಹೇಳಿ. ಗುಳ್ಳೆ ಬಂದ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿ. ಎಷ್ಟು ಗುರುತೋ ಅಷ್ಟೇ ದುಡ್ಡು. ನಿಯತ್ತಿನ ಅಂಗಡಿಯವನು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊಳೆ ವಿಷಯಕ್ಕೆ ಬಂದರೆ, ಎಲ್ಲವನ್ನೂ ಯಾರೋ ಹಾಕಿದ್ದೇ ಅಂತಲ್ಲ. ಕಟ್ಟಡ ಕೆಲಸದ ಸೆಂಟ್ರಿಂಗ್ ಹಲಗೆ ಸಾಗಿಸುವ ಗಾಡಿಯಿಂದ ದಿನಾ ಬೀಳುತ್ತದೆ. ಮಳೆ ಬಂದಾಗ ಅದೆಲ್ಲ ಕೊಚ್ಚಿಕೊಂಡು ರೋಡಿನ ಅಂಚಿಗೆ ಬರುತ್ತದೆ, ಒದ್ದೆ ರಬ್ಬರಿಗೆ ಮೊಳೆ ಸಲೀಸಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ನಮಗೆ ಕೆಲಸ ಜಾಸ್ತಿ ಆಗುವುದು ಇದಕ್ಕೇ.

ಡೆಲಿವರಿ_ಮಂಜು
ಸೌಮ್ಯ, ಅಂಗಡಿಯಣ್ಣ, ಇಬ್ಬರಿಗೂ ಥ್ಯಾಂಕ್ಸ್. ಕಿಟ್ ತೆಗೆದುಕೊಳ್ಳುತ್ತೇನೆ. ಆದರೆ ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಟೆಂಪೋ_ನಾಗರಾಜ್
ನಾನು ಕೊಡುತ್ತೇನೆ. ನನ್ನದು ಸ್ವಂತ ಟೆಂಪೋ, ಇನ್ನೊಂದಕ್ಕೆ ಡ್ರೈವರ್ ಇಟ್ಟಿದ್ದೇನೆ. ನಿಮ್ಮ ಗಾಡಿ, ನಿಮ್ಮ ಟಯರ್, ನಿಮ್ಮ ಜವಾಬ್ದಾರಿ. ಕಿಲೋಮೀಟರಿಗೆ ಇಷ್ಟು ಅಂತ ಒಪ್ಪಿಕೊಂಡು ಕೆಲಸಕ್ಕೆ ಇಳಿದ ಮೇಲೆ ಪೆಟ್ರೋಲ್, ಆಯಿಲ್, ಪಂಚರ್ ಎಲ್ಲ ಅದರಲ್ಲೇ ಬಂತು. ನನ್ನ ಟೆಂಪೋ ನಿಂತರೆ ತರಕಾರಿ ಮಂಡಿಯವರು ನನಗೆ ದುಡ್ಡು ಕೊಡುತ್ತಾರಾ? ತಡವಾದರೆ ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ. ವ್ಯಾಪಾರ ಅಂದಮೇಲೆ ಇದೆಲ್ಲ ಇದ್ದದ್ದೇ.

ಡೆಲಿವರಿ_ಮಂಜು
ನಾಗರಾಜಣ್ಣ, ನಿಮಗೂ ನನಗೂ ವ್ಯತ್ಯಾಸ ಇದೆ. ನೀವು ಬಾಡಿಗೆ ಮಾತಾಡುತ್ತೀರಿ. ರೋಡು ಕೆಟ್ಟಿದೆ, ಟಯರ್ ಸವೆಯುತ್ತದೆ, ಇನ್ನೂರು ಜಾಸ್ತಿ ಕೊಡಿ ಅಂತ ಕೇಳಬಹುದು. ನನಗೆ ಆಪ್ ಹೇಳಿದ್ದೇ ರೇಟು. ಯಾವ ದಾರಿಯಲ್ಲಿ ಹೋಗಬೇಕು ಅಂತ ಅದೇ ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ ಮುಟ್ಟಬೇಕು ಅಂತಲೂ ಅದೇ ಹೇಳುತ್ತದೆ. ಎಲ್ಲ ಅವರದೇ ಲೆಕ್ಕ, ಪಂಚರ್ ಆದಾಗ ಮಾತ್ರ ನಾನು ಸ್ವಂತ ವ್ಯಾಪಾರಿ ಅಂದರೆ ಹೇಗೆ?

ಟೆಂಪೋ_ನಾಗರಾಜ್
ಅದು ಸರಿ. ಆದರೆ ಪಂಚರ್ ಆಯಿತು ಅಂತ ಸುಳ್ಳು ಹೇಳುವವರೂ ಇರುತ್ತಾರಲ್ಲ. ನನ್ನ ಡ್ರೈವರೇ ಹೇಳಿದ್ದಾನೆ. ಕಂಪನಿ ಹೇಗೆ ನಂಬಬೇಕು?

ಸೌಮ್ಯ_ರೈಡರ್
ಫೋಟೋ ಕಳಿಸಿದರೆ ಆಯಿತಲ್ಲ ಅಣ್ಣ. ಡೆಲಿವರಿ ಕೊಟ್ಟಿದ್ದಕ್ಕೆ ಬಾಗಿಲ ಫೋಟೋ ಕೇಳುತ್ತಾರೆ, ಕೂತ ಟಯರಿನ ಫೋಟೋ ಕೇಳಲು ಏನು ಕಷ್ಟ?

ಕಂಡಕ್ಟರ್_ಹಾಸನ
ಸಾರಿಗೆ ಬಸ್ಸಿನ ಕಂಡಕ್ಟರ್ ನಾನು. ನಮ್ಮಲ್ಲಿ ಬಸ್ ಪಂಚರ್ ಆದರೆ ಪ್ರಯಾಣಿಕರನ್ನು ಹಿಂದೆ ಬರುವ ಬಸ್ಸಿಗೆ ಹತ್ತಿಸುತ್ತೇವೆ, ಅದೇ ಟಿಕೆಟ್ ನಡೆಯುತ್ತದೆ. ಡಿಪೋಗೆ ಫೋನ್ ಮಾಡುತ್ತೇವೆ. ಸ್ಟೆಪ್ನಿ ಇದ್ದರೆ ಅಲ್ಲೇ ಹಾಕುವುದು, ಇಲ್ಲದಿದ್ದರೆ ಡಿಪೋದಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವುದು. ಆ ಹೊತ್ತಿಗೆ ನಮ್ಮ ಸಂಬಳ ನಿಲ್ಲುವುದಿಲ್ಲ, ಟಯರ್ ದುಡ್ಡೂ ನಮ್ಮದಲ್ಲ. ಬೈಸಿಕೊಳ್ಳುವುದು ಮಾತ್ರ ನಾವೇ. ಮದುವೆ ಮನೆಗೆ ಹೊರಟವರು, ಪರೀಕ್ಷೆಗೆ ಹೊರಟ ಮಕ್ಕಳು, ಅವರ ಸಂಕಟ ನೋಡಿದರೆ ಬೈದರೂ ತಪ್ಪಿಲ್ಲ ಅನಿಸುತ್ತದೆ.

ಮಂಜು ಕೇಳುತ್ತಿರುವುದು ಇಷ್ಟೇ ಅಲ್ವಾ? ಗಾಡಿ ನಿಂತ ಹೊತ್ತೂ ಕೆಲಸದ ಹೊತ್ತೇ ಅಂತ. ಅದರಲ್ಲಿ ತಪ್ಪೇನಿದೆ?

ಆಟೋ_ಶಿವಣ್ಣ
ಮೂರು ಚಕ್ರದವರ ಕಥೆಯೂ ಕೇಳಿ. ಸ್ಟೆಪ್ನಿ ಇದ್ದರೆ ನಮಗೆ ಹತ್ತು ನಿಮಿಷದ ಕೆಲಸ. ಪ್ಯಾಸೆಂಜರ್ ಇಳಿದು ಆಟೋ ಒಂದು ಪಕ್ಕ ಎತ್ತಿ ಹಿಡಿದದ್ದೂ ಉಂಟು. ನಮ್ಮ ಮೀಟರಿನಲ್ಲಿ ಕಾಯುವುದಕ್ಕೂ ರೇಟ್ ಇದೆ. ಬೆಂಗಳೂರಿನಲ್ಲಿ ಮೊದಲ 5 ನಿಮಿಷ ಫ್ರೀ, ಆಮೇಲೆ 15 ನಿಮಿಷಕ್ಕೆ 10 ರೂಪಾಯಿ. ಆದರೆ ಪಂಚರ್ ಹೊತ್ತಿಗೆ ಅದನ್ನು ಹಾಕುವುದಿಲ್ಲ, ಹಾಕಬಾರದು. ಅಲ್ಲಿವರೆಗೆ ಓಡಿದ್ದಕ್ಕೆ ಮಾತ್ರ ದುಡ್ಡು ತೆಗೆದುಕೊಂಡು ಬೇರೆ ಆಟೋ ಹತ್ತಿಸುತ್ತೇನೆ.

ಏರ್‌ಪೋರ್ಟ್_ಕ್ಯಾಬ್_ಮಹೇಶ
ಕ್ಯಾಬಿನವರ ಗೋಳು ಬೇರೆ. ಸಿಎನ್‌ಜಿ ಗಾಡಿ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದೆ, ಪಕ್ಕದಲ್ಲಿ ಸ್ಟೆಪ್ನಿ. ಏರ್‌ಪೋರ್ಟ್ ಟ್ರಿಪ್ ಅಂದರೆ ಎರಡು ದೊಡ್ಡ ಸೂಟ್‌ಕೇಸ್ ಇದ್ದೇ ಇರುತ್ತದೆ. ಎಲ್ಲಿಡಬೇಕು? ಅದಕ್ಕೇ ಎಷ್ಟೋ ಡ್ರೈವರುಗಳು ಸ್ಟೆಪ್ನಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಲಗೇಜ್ ಹಿಡಿಯಲಿಲ್ಲ ಅಂದರೆ ಕಸ್ಟಮರ್ ಕ್ಯಾನ್ಸಲ್ ಮಾಡುತ್ತಾರೆ. ಸ್ಟೆಪ್ನಿ ಇಲ್ಲದೆ ಹೆಬ್ಬಾಳ ದಾಟಿದ ಮೇಲೆ ಪಂಚರ್ ಆದರೆ ಅವರ ಫ್ಲೈಟ್ ಹೋಗುತ್ತದೆ. ಎರಡೂ ಕಡೆ ನಮಗೇ ಏಟು. ನಾನು ಸ್ಟೆಪ್ನಿ ಬಿಡುವುದಿಲ್ಲ, ಮೇಲೆ ಕ್ಯಾರಿಯರ್ ಹಾಕಿಸಿದ್ದೇನೆ.

ಫ್ಲೈಟ್ ಇದ್ದವರನ್ನು ಯಾವತ್ತೂ ಕಾಯಿಸಬೇಡಿ. ಪಂಚರ್ ಆದ ಕೂಡಲೇ ಇನ್ನೊಂದು ಕ್ಯಾಬ್ ನಿಲ್ಲಿಸಿ ಕಳಿಸಿಬಿಡಿ. ಆಮೇಲೆ ಜಾಕಿ ತೆಗೆಯಿರಿ.

ಪ್ರದೀಪ್_ಮೈಸೂರು
ಸ್ಟೆಪ್ನಿ ಇಲ್ಲದೆ ಓಡಿಸಿದರೆ ಫೈನ್ ಅಲ್ವಾ?

ಗಾಡಿ_ಗೀಳು
ಎಲ್ಲ ಗಾಡಿಗೂ ಒಂದೇ ಲೆಕ್ಕ ಅಲ್ಲ. 2020ರಲ್ಲಿ ಕೇಂದ್ರದವರು ನಿಯಮ ಬದಲಿಸಿದರು. 3.5 ಟನ್ ಒಳಗಿನ ಪ್ಯಾಸೆಂಜರ್ ಗಾಡಿಗೆ ಟ್ಯೂಬ್‌ಲೆಸ್ ಟಯರ್, ಟಯರ್ ಗಾಳಿ ತೋರಿಸುವ ಸೆನ್ಸರ್, ಪಂಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯ ಅಲ್ಲ. ಮೂರೂ ಇರಬೇಕು ಅನ್ನುವುದನ್ನು ಜನ ಮರೆಯುತ್ತಾರೆ. ಜೊತೆಗೆ ಟಯರ್ ಗ್ರಿಪ್ ನೋಡಿಕೊಳ್ಳಿ, ಕಾರಿಗೆ 1.6 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ಬೋಳು ಟಯರಿಗೆ ಮೊಳೆ ಬೇಗ ಇಳಿಯುತ್ತದೆ.

ಶಿರಾಡಿ_ಲಾರಿ
ಈ ಚರ್ಚೆಯಲ್ಲಿ ಲಾರಿಯವರು ಯಾರೂ ಕಾಣಲಿಲ್ಲ, ನಾನು ಬರೆಯುತ್ತೇನೆ. ಮಂಗಳೂರಿಂದ ಬೆಂಗಳೂರಿಗೆ ಲೋಡ್ ಹೊಡೆಯುತ್ತೇನೆ. ಲಾರಿಯಲ್ಲಿ ಪಂಚರ್ ಅಂದರೆ ಗೊತ್ತಾಗುವುದೇ ಕಷ್ಟ. ಹಿಂದೆ ಜೋಡಿ ಟಯರ್ ಇರುತ್ತದೆ, ಒಳಗಿನದು ಕೂತರೂ ಗಾಡಿ ಓಡುತ್ತಲೇ ಇರುತ್ತದೆ. ಆಗ ಪಕ್ಕದ ಟಯರಿನ ಮೇಲೆ ಎರಡರ ಭಾರ. ಅದು ಬಿಸಿಯಾಗುತ್ತದೆ, ಸಿಡಿಯುತ್ತದೆ, ಬೆಂಕಿಯೂ ಹತ್ತಬಹುದು. ಅದಕ್ಕೇ ಚಹಾಕ್ಕೆ ನಿಲ್ಲಿಸಿದಾಗಲೆಲ್ಲ ಕ್ಲೀನರ್ ಹುಡುಗ ನಟ್ಟು ಬಿಚ್ಚುವ ವೀಲ್ ಪಾನದಲ್ಲಿ ಒಂದೊಂದು ಟಯರಿಗೂ ಬಡಿದು ನೋಡುತ್ತಾನೆ. ಗಾಳಿ ಇದ್ದರೆ ಪಾನ ಟಣ್ಣಂತ ಹಾರಿ ವಾಪಸ್ ಬರುತ್ತದೆ. ಗಾಳಿ ಇಲ್ಲದಿದ್ದರೆ ದಬ್ ಅಂತ ಅಲ್ಲೇ ಕೂರುತ್ತದೆ. ಎರಡು ಟಯರ್ ಮಧ್ಯೆ ಕಲ್ಲು ಸಿಕ್ಕಿದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಬೇಕು.

ಚಕ್ರ ಬಿಚ್ಚುವುದಿದ್ದರೆ ಜಾಕಿ ಏರಿಸುವ ಮೊದಲೇ ನಟ್ಟು ಸ್ವಲ್ಪ ಸಡಿಲ ಮಾಡಿ. ಕಾರಿನವರಿಗೂ ಇದೇ ಮಾತು. ಎತ್ತಿದ ಮೇಲೆ ಜಗ್ಗಿದರೆ ಗಾಡಿ ಜಾಕಿಯಿಂದ ಜಾರುತ್ತದೆ. ಹಾಕುವಾಗ ಎದುರುಬದುರು ನಟ್ಟು ಬಿಗಿಯಿರಿ. ಸ್ವಲ್ಪ ದೂರ ಓಡಿಸಿ ಇನ್ನೊಂದು ಸಲ ಬಿಗಿಯಿರಿ.

ಟಯರನ್ನು ಕಬ್ಬಿಣದ ಬಳೆ ಹಿಡಿದಿಡುವ ಹಳೇ ಲಾಕ್ ರಿಂಗ್ ಚಕ್ರಕ್ಕೆ ಗಾಳಿ ಹೊಡೆಯುವಾಗ ಎದುರಿಗೆ ನಿಲ್ಲಲೇಬೇಡಿ. ರಿಂಗ್ ಸರಿಯಾಗಿ ಕೂರದಿದ್ದರೆ ಹಾರುತ್ತದೆ. ಹೊಡೆತ ತಿಂದವರು ಬದುಕುವುದು ಕಷ್ಟ. ಪಂಚರ್ ಹಾಕುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ. ಸರಪಳಿ ಸುತ್ತಿ, ಉದ್ದ ಪೈಪ್ ಇಟ್ಟು ದೂರದಿಂದ ಗಾಳಿ ಹೊಡೆಯಿರಿ.

ನೆಲಮಂಗಲ_ಪಂಚರ್‌ಶಾಪ್
ಲಾರಿಯಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಕಬ್ಬಿಣದ ಪಂಜರ ಮಾಡಿಸಿದ್ದೇವೆ. ಅದರೊಳಗೆ ಇಟ್ಟೇ ಗಾಳಿ.

ಬೈಕ್_ಹರೀಶ
ಲಾರಿಯವರಿಗೆ ಒಂದು ಮನವಿ. ಚಕ್ರಕ್ಕೆ ಕೊಟ್ಟ ಕಲ್ಲನ್ನು ರೋಡಲ್ಲೇ ಬಿಟ್ಟು ಹೋಗುತ್ತೀರಲ್ಲ, ರಾತ್ರಿ ಬೈಕಿನವರು ಅದಕ್ಕೆ ಹೊಡೆದು ಬೀಳುತ್ತಾರೆ. ಸಕಲೇಶಪುರದ ಹತ್ತಿರ ನನ್ನ ಸ್ನೇಹಿತನ ಕಾಲು ಮುರಿದಿದ್ದು ಇದರಿಂದಲೇ.

ಶಿರಾಡಿ_ಲಾರಿ
ಒಪ್ಪುತ್ತೇನೆ ತಮ್ಮಾ. ಕಲ್ಲು ತೆಗೆಯದೆ ಹೋಗುವುದು ದೊಡ್ಡ ಅನ್ಯಾಯ. ನಾನು ಮರದ ತುಂಡು ಇಟ್ಟುಕೊಂಡಿದ್ದೇನೆ, ಕೆಲಸ ಆದ ಮೇಲೆ ಗಾಡಿಗೇ ಹಾಕಿಕೊಳ್ಳುತ್ತೇನೆ. ನಿಂತ ಗಾಡಿಯ ಹಿಂದೆ ಗುರುತಿಗೆ ಸೊಪ್ಪಿನ ಕೊಂಬೆ ಮುರಿದು ಹಾಕುವ ಪದ್ಧತಿಯೂ ರಾತ್ರಿಗೆ ಸಾಲದು, ಹೊಳೆಯುವ ತ್ರಿಕೋನ ಇಡಬೇಕು. ತಿರುವಿನಲ್ಲಿ ನಿಂತಿದ್ದರೆ ತಿರುವಿಗೆ ಮೊದಲೇ ಇಡಿ. ರಾಷ್ಟ್ರೀಯ ಹೆದ್ದಾರಿ ಆದರೆ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಹೋಮ್‌ನರ್ಸ್_ಪುಷ್ಪ
ಹೆಣ್ಣುಮಕ್ಕಳಿಗೆ ಒಂದು ಮಾತು. ನಾನು ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡುತ್ತೇನೆ, ವಾಪಸಾಗುವಾಗ ರಾತ್ರಿ ಆಗುತ್ತದೆ. ಕತ್ತಲಿರುವ ಕಡೆ ಪಂಚರ್ ಆದರೆ ಅಲ್ಲೇ ನಿಲ್ಲಬೇಡಿ. ನಿಧಾನಕ್ಕೆ ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಮೆಡಿಕಲ್ ಶಾಪ್‌ವರೆಗೆ ಹೋಗಿ. ಟಯರ್ ಹಾಳಾದರೆ ಆಗಲಿ. ಬಂಕಿನಲ್ಲಿ ಗಾಳಿ ಫ್ರೀ ಕೊಡಲೇಬೇಕು, ಕ್ಯಾಮೆರಾ ಇರುತ್ತದೆ, ಜನ ಇರುತ್ತಾರೆ. ಭಯ ಅನಿಸಿದರೆ 112ಕ್ಕೆ ಫೋನ್ ಮಾಡಿ.

ಸೌಮ್ಯ_ರೈಡರ್
ಪುಷ್ಪಕ್ಕ, ಇದನ್ನು ನಮ್ಮ ರೈಡರ್ ಗ್ರೂಪಿಗೂ ಹಾಕುತ್ತೇನೆ. ಕಂಪನಿ ಕೊಟ್ಟ ಟ್ರೈನಿಂಗಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಲೇಬರ್_ವಕೀಲ
ದುಡ್ಡಿನ ಪ್ರಶ್ನೆಗೆ ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆಪ್ ಮೂಲಕ ಕೆಲಸ ಮಾಡುವ ನಿಮ್ಮಂಥವರ ಕಾಯ್ದೆ ಬಂದಿದೆ. ಪ್ರತಿ ಕೆಲಸಕ್ಕೂ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ದುಡ್ಡು ಕಡಿತ ಮಾಡಿದರೆ ಕಾರಣ ಹೇಳಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು 14 ದಿನ ಮೊದಲು ತಿಳಿಸಬೇಕು. ದೂರು ಹೇಳಿಕೊಳ್ಳಲು ದಾರಿಯೂ ಇದೆ. ಆದರೆ ಆ ಶುಲ್ಕ ಸಾಮಾಜಿಕ ಭದ್ರತೆಗೆ. ಪಂಚರ್ ಆದ ದಿನದ ಇನ್ಸೆಂಟಿವ್ ಅದರಿಂದ ಬರುವುದಿಲ್ಲ.

ಮಂಜು, ಪಂಚರ್ ದುಡ್ಡು ಕೊಡಿ ಅಂತ ಕೇಳಿದರೆ ನಾಗರಾಜ್ ಅವರು ಹೇಳಿದ ಉತ್ತರವೇ ಬರುತ್ತದೆ. ಅದರ ಬದಲು ಆಪ್‌ನಲ್ಲಿ 'ಗಾಡಿ ಕೆಟ್ಟಿದೆ' ಅನ್ನುವ ಬಟನ್ ಕೇಳಿ. ಅದನ್ನು ಒತ್ತಿ ಫೋಟೋ ಹಾಕಿದರೆ ರೇಟಿಂಗ್ ಇಳಿಯಬಾರದು, ಇನ್ಸೆಂಟಿವ್ ಲೆಕ್ಕಕ್ಕೆ ಆ ಹೊತ್ತು ಸೇರಿಸಿ ಕೊಡಬೇಕು. ಒಬ್ಬರೇ ಕೇಳಬೇಡಿ. ಯೂನಿಯನ್ ಮೂಲಕ ಬರೆದು ಕೊಡಿ. ಪ್ರತಿ ಸಲದ ಸ್ಕ್ರೀನ್‌ಶಾಟ್, ಪಂಚರ್ ಬಿಲ್ ಇಟ್ಟುಕೊಳ್ಳಿ.

ಡೆಲಿವರಿ_ಮಂಜು
ಇದು ಸರಿಯಾದ ಮಾತು ಸಾರ್. ನಮ್ಮ ಏರಿಯಾ ಹುಡುಗರ ಹತ್ತಿರ ಮಾತಾಡುತ್ತೇನೆ. ಈ ವಾರ ಪಂಚರ್ ಆದವರೆಲ್ಲ ಸ್ಕ್ರೀನ್‌ಶಾಟ್ ಕಳಿಸಿ ಅಂತ ಗ್ರೂಪಿನಲ್ಲಿ ಹಾಕಿದ್ದೇನೆ, ಆಗಲೇ ಬರಲು ಶುರುವಾಗಿದೆ.

ಟೆಂಪೋ_ನಾಗರಾಜ್
ಬಟನ್ ವಿಷಯಕ್ಕೆ ನನ್ನ ವಿರೋಧ ಇಲ್ಲ. ಫೋಟೋ ಇದ್ದರೆ ಸುಳ್ಳಿಗೆ ಜಾಗ ಇರುವುದಿಲ್ಲ. ಆದರೆ ಗಾಳಿ ವಾರಕ್ಕೊಮ್ಮೆ ನೋಡಿಕೊಳ್ಳುವುದು ನಿಮ್ಮ ಕೆಲಸ, ಅದನ್ನು ಕಂಪನಿಗೆ ಹೊರಿಸಬೇಡಿ.

ಕಿರಣ್_ಮಾರತ್ತಹಳ್ಳಿ
ರಾತ್ರಿ ಹನ್ನೊಂದರ ಮೇಲೆ ತೆರೆದಿರುವ ಪಂಚರ್ ಅಂಗಡಿಗಳ ಪಟ್ಟಿ ಮಾಡಿದರೆ ಹೇಗೆ? ಏರಿಯಾ ಮತ್ತು ಲ್ಯಾಂಡ್‌ಮಾರ್ಕ್ ಸಾಕು. ಮೋಸದ ಅಂಗಡಿ ಹೆಸರು ಬೇಡ, ಒಳ್ಳೆಯವರದು ಮಾತ್ರ ಹಾಕೋಣ.

ರವಿ_ಇಂದಿರಾನಗರ
ಬೇರೆ ಪೋಸ್ಟ್ ಶುರು ಮಾಡಿ ಬ್ರೋ, ಇಲ್ಲಿ ಕಳೆದುಹೋಗುತ್ತದೆ.

ಪ್ರದೀಪ್_ಮೈಸೂರು
ಕೊನೆಗೊಂದು ಡೌಟು. ನನ್ನ ಕಾರಿಗೆ ನೈಟ್ರೋಜನ್ ಹಾಕಿಸಿದ್ದೇನೆ. ದಾರಿಯಲ್ಲಿ ಪಂಚರ್ ಆದರೆ ಮಾಮೂಲಿ ಗಾಳಿ ಹೊಡೆಯಬಹುದಾ? ಎರಡೂ ಸೇರಿದರೆ ಟಯರ್ ಹಾಳು ಅಂತ ಒಬ್ಬರು ಹೆದರಿಸಿದರು.

ನೆಲಮಂಗಲ_ಪಂಚರ್‌ಶಾಪ್
ಧಾರಾಳವಾಗಿ ಹೊಡೆಸಿ ಸಾರ್. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಏನೂ ಆಗುವುದಿಲ್ಲ. ಡ್ರೈವರ್ ಡೋರ್ ತೆಗೆದರೆ ಒಳಗಡೆ ಸ್ಟಿಕ್ಕರಿನಲ್ಲಿ ಎಷ್ಟು ಗಾಳಿ ಇರಬೇಕು ಅಂತ ಪಿಎಸ್‌ಐ ಲೆಕ್ಕದಲ್ಲಿ ಬರೆದಿರುತ್ತದೆ, ಅಷ್ಟು ಹಾಕಿಸಿ. ಸ್ಟೆಪ್ನಿಗೂ ಹಾಕಿಸಿ, ಅದನ್ನು ಯಾರೂ ಕೇಳುವುದೇ ಇಲ್ಲ.